ಜೀರುಂಡೆಗಳ ನಾಟಕವೂ ನೋಡುವವರ ನಗೆಯೂ

ನೂರು ವರ್ಷಗಳಿಗೂ ಹಿಂದಿನ ಮಾತು. ಲಂಡನ್ನಿನ ಪತ್ರಿಕೆಯೊಂದರ ಬರಹಗಾರನು ರಷ್ಯದಿಂದ ಬಂದ ಒಂದು ಚಲಚ್ಚಿತ್ರವನ್ನು ನೋಡಿ ಕಕ್ಕಾಬಿಕ್ಕಿಯಾದ. ಚಿತ್ರದ ಹೆಸರು ‘ಸುಂದರಿ ಲ್ಯುಕಾನಿದಾ’, ತಯಾರಾದುದು 1912ರಲ್ಲಿ. ಅದರಲ್ಲಿ ಮನುಷ್ಯರೇ ಇಲ್ಲ. ಕೊಂಬಿನಂಥ ದವಡೆಗಳುಳ್ಳ ದೊಡ್ಡ ಜೀರುಂಡೆಗಳು ಎರಡು ಕಾಲಿನ ಮೇಲೆ ನಿಂತು ನಡೆಯುತ್ತವೆ, ಒಬ್ಬ ಸುಂದರಿಗಾಗಿ ಕಾದಾಡುತ್ತವೆ. ಅವು ಜೀರುಂಡೆಗಳೇ ಎಂಬುದರಲ್ಲಿ ಬರಹಗಾರನಿಗೆ ಸಂಶಯವಿರಲಿಲ್ಲ. ಹಾಗಾದರೆ ಇದೆಲ್ಲ ನಡೆದದ್ದು ಹೇಗೆ? ಹುಳುಗಳಿಗೆ ಯಾರಾದರೂ ಕಲಿಸಿದ್ದೇ ನಿಜವಾದರೆ ಆ ಗುರುವಿನ ತಾಳ್ಮೆ ಎಷ್ಟಿರಬೇಕು! ಹೀಗೆ ಬೆರಗುಪಟ್ಟು ಬರೆದನೇ ಹೊರತು ಗುಟ್ಟು ಅವನಿಗೆ ಬಗೆಹರಿಯಲಿಲ್ಲ.

ಈ ಸಂಗತಿಯನ್ನು ಮೊದಲು ಓದಿದಾಗ ನಾನು ನಕ್ಕೆ. ತರಗತಿಯಲ್ಲಿ ಹೇಳಿ ಮಕ್ಕಳನ್ನೂ ನಗಿಸಿದೆ. ಸಿನಿಮಾ ಹೊಸದಾಗಿದ್ದ ಕಾಲದಲ್ಲಿ ಜನ ಎಷ್ಟು ಮುಗ್ಧರಾಗಿದ್ದರು ನೋಡಿ ಎಂಬುದು ನನ್ನ ಮಾತಿನ ಧಾಟಿಯಾಗಿದ್ದಿತು. ಆ ಮಾತನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ. ಹಾಗೆ ಹಿಂತೆಗೆದುಕೊಳ್ಳುವಂತೆ ಮಾಡಿದವರು ಒಂಬತ್ತನೆಯ ತರಗತಿಯ ಕೆಲವು ಮಕ್ಕಳು. ಅವರ ಸುದ್ದಿಗೆ ಬರುವ ಮೊದಲು ಚಿತ್ರವನ್ನು ಮಾಡಿದವನ ವಿಷಯ ಸ್ವಲ್ಪ ತಿಳಿಯುವುದು ಒಳ್ಳೆಯದು.

ಅವನ ಹೆಸರು ವ್ಲಾದಿಸ್ಲಾವ್ ಸ್ತಾರೆವಿಚ್. ಪೋಲಿಷ್ ಮನೆತನದವನು, 1882ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಇಂದು ಲಿಥುವೇನಿಯಕ್ಕೆ ಸೇರಿರುವ ಕೌನಸ್ ಪಟ್ಟಣದಲ್ಲಿ ಬೆಳೆದವನು. ಕೀಟಗಳೆಂದರೆ ಅವನಿಗೆ ಬಾಲ್ಯದಿಂದಲೂ ಹುಚ್ಚು. ಊರಿನ ವಸ್ತುಸಂಗ್ರಹಾಲಯಕ್ಕಾಗಿ ಪ್ರಕೃತಿವಿಷಯಕವಾದ ಚಿತ್ರಗಳನ್ನು ತೆಗೆಯುತ್ತಿದ್ದ. 1910ರಲ್ಲಿ ಎರಡು ಗಂಡು ಕೊಂಬಿನ ಜೀರುಂಡೆಗಳು ಹೋರಾಡುವುದನ್ನು ಚಿತ್ರಿಸಬೇಕೆಂದು ಹೊರಟ. ಆದರೆ ಅವು ಇರುಳಿನಲ್ಲಿ ಓಡಾಡುವ ಜೀವಿಗಳು. ಚಿತ್ರ ತೆಗೆಯಲು ದೊಡ್ಡ ದೀಪಗಳನ್ನು ಹೊತ್ತಿಸಿದೊಡನೆ ಜಗಳವೂ ಇಲ್ಲ, ಚಲನೆಯೂ ಇಲ್ಲ. ಹುಳುಗಳು ಮರಗಟ್ಟಿದಂತೆ ಬಿದ್ದುಬಿಡುತ್ತಿದ್ದವು.

ಫ್ರಾನ್ಸಿನ ಎಮಿಲ್ ಕೋಲ್ ಎಂಬಾತ 1908ರಲ್ಲಿ ಬೆಂಕಿಕಡ್ಡಿಗಳು ತಾವಾಗಿಯೇ ಎದ್ದು ಕುಣಿಯುವಂತೆ ಒಂದು ಚಿತ್ರ ಮಾಡಿದ್ದ. ಸ್ತಾರೆವಿಚ್‌ಗೆ ಅದರಿಂದ ಉಪಾಯ ಹೊಳೆಯಿತು. ಸತ್ತ ಜೀರುಂಡೆಗಳ ಕಾಲುಗಳನ್ನು ತೆಗೆದು, ಅವುಗಳ ಜಾಗದಲ್ಲಿ ತಂತಿಯ ಕಾಲುಗಳನ್ನು ಅರಗಿನಿಂದ ಎದೆಗೆ ಅಂಟಿಸಿದ. ತಂತಿಯನ್ನು ಬಗ್ಗಿಸಿದರೆ ಕಾಲು ಬಗ್ಗುತ್ತದೆ, ಬಗ್ಗಿದಂತೆಯೇ ನಿಲ್ಲುತ್ತದೆ. ಒಂದು ಭಂಗಿಯಲ್ಲಿ ನಿಲ್ಲಿಸಿ ಒಂದು ಚಿತ್ರ. ಕಾಲನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು ಚಿತ್ರ. ಮತ್ತೆ ಸರಿಸಿ ಮತ್ತೊಂದು. ಹೀಗೆ ತೆಗೆದ ಚಿತ್ರಗಳನ್ನು ವೇಗವಾಗಿ ಒಂದರ ಹಿಂದೊಂದು ತೋರಿಸಿದರೆ ಸತ್ತ ಹುಳು ನಡೆಯುತ್ತದೆ. ಇದನ್ನೇ ಈಗ ಸ್ಟಾಪ್ ಮೋಷನ್ ಎನ್ನುತ್ತಾರೆ. ಆ ಮೊದಲ ಪ್ರಯೋಗದ ಪ್ರತಿ ಈಗ ಉಳಿದಿಲ್ಲ. ಆದರೆ ಮುಂದಿನ ವರ್ಷ ಮಾಸ್ಕೋಗೆ ಹೋಗಿ ಖಾನ್ಜೊನ್ಕೊವ್ ಎಂಬ ನಿರ್ಮಾಪಕನ ಸಂಸ್ಥೆಯಲ್ಲಿ ಅವನು ಮಾಡಿದ ಚಿತ್ರಗಳಲ್ಲಿ ಕೆಲವು ಉಳಿದುಬಂದಿವೆ. ಅವುಗಳಲ್ಲಿ ಇಂದಿಗೂ ಜನ ಹುಡುಕಿ ನೋಡುವುದು 1912ರ ‘ಛಾಯಾಗ್ರಾಹಕನ ಸೇಡು’ ಎಂಬ ಹಾಸ್ಯಚಿತ್ರವನ್ನು.

ಈ ಚಿತ್ರ ಹನ್ನೆರಡು ಹದಿಮೂರು ನಿಮಿಷಗಳದು. ಲೆಕ್ಕದ ಮೇಷ್ಟರಲ್ಲದ ನಾನೂ ಒಂದು ಲೆಕ್ಕ ಹಾಕಿ ನೋಡಿದೆ. ಆ ಕಾಲದ ರೂಢಿಯಂತೆ ಸೆಕೆಂಡಿಗೆ 16 ಚಿತ್ರಗಳೆಂದು ಹಿಡಿದರೆ ಹನ್ನೆರಡು ನಿಮಿಷಕ್ಕೆ 11,520 ಆಗುತ್ತದೆ. ಒಂದೊಂದು ಭಂಗಿಗೆ ಎರಡೆರಡು ಚಿತ್ರ ತೆಗೆದಿದ್ದನೆಂದುಕೊಂಡರೂ ಐದು ಸಾವಿರಕ್ಕೆ ಮೀರಿದಷ್ಟು ಸಲ ಬಗ್ಗಿ, ಹುಳುಗಳ ಕಾಲನ್ನೋ ಮೀಸೆಯನ್ನೋ ಸರಿಸಿ, ಹಿಂದೆ ಸರಿದು ನಿಂತಿರಬೇಕು. ಲಂಡನ್ನಿನ ಬರಹಗಾರ ಗುರುವಿನ ತಾಳ್ಮೆಯ ವಿಷಯವಾಗಿ ಹೇಳಿದ್ದು ಸುಳ್ಳಾಗಲಿಲ್ಲ. ಶಿಷ್ಯರು ಬದುಕಿರಲಿಲ್ಲ ಅಷ್ಟೆ.

ಕಥೆಯೇನೋ ಸಂಸಾರದ್ದು. ಶ್ರೀಮಾನ್ ಜೀರುಂಡೆ, ಶ್ರೀಮತಿ ಜೀರುಂಡೆ ಎಂಬ ದಂಪತಿಗಳು. ಮನೆಯ ಬಾಳು ಗಂಡನಿಗೆ ಸಪ್ಪೆ. ವ್ಯಾಪಾರದ ನೆಪ ಹೇಳಿ ಪೇಟೆಗೆ ಹೋಗುತ್ತಾನೆ. ಪೇಟೆಯ ಕುಣಿತದ ಮನೆಯಲ್ಲಿ ಒಬ್ಬಳು ನರ್ತಕಿ. ನಮ್ಮ ಹುಡುಗರು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರಲ್ಲ, ಆ ಜಾತಿಯವಳು. ಅವಳ ಮೇಲೆ ಒಂದು ಮಿಡತೆಗೂ ಮನಸ್ಸು. ಜೀರುಂಡೆ ಮಿಡತೆಯನ್ನು ಕೆಡವಿ ನರ್ತಕಿಯನ್ನು ಒಂದು ಹೋಟೆಲಿಗೆ ಕರೆದೊಯ್ಯುತ್ತಾನೆ. ಆದರೆ ಆ ಮಿಡತೆ ಸಾಮಾನ್ಯನಲ್ಲ, ಚಲಚ್ಚಿತ್ರ ತೆಗೆಯುವವನು. ಕ್ಯಾಮರವನ್ನು ಹೊತ್ತು ಬೆನ್ನಟ್ಟಿ ಬಂದು, ಬೀಗದ ಕಂಡಿಯಿಂದ ಒಳಗಿನ ದೃಶ್ಯವನ್ನು ಚಿತ್ರಿಸಿಕೊಳ್ಳುತ್ತಾನೆ. ಇತ್ತ ಮನೆಯಲ್ಲಿ ಶ್ರೀಮತಿಯೂ ಸುಮ್ಮನಿಲ್ಲ. ಅವಳಿಗೆ ಒಬ್ಬ ಚಿತ್ರಕಾರ ಗೆಳೆಯ. ಗಂಡ ಹಿಂದಿರುಗಿದಾಗ ಚಿತ್ರಕಾರ ಹೊಗೆಗೂಡು ಹತ್ತಿ ಪರಾರಿ. ಜೀರುಂಡೆಯ ಕೋಪ ನೋಡಬೇಕು! ತಾನು ಎಲ್ಲಿಂದ ಬಂದೆ ಎಂಬುದು ಅವನಿಗೆ ನೆನಪೇ ಇಲ್ಲ. ಕೊನೆಗೆ ದೊಡ್ಡ ಮನಸ್ಸು ಮಾಡಿ ಹೆಂಡತಿಯನ್ನು ಕ್ಷಮಿಸಿ, ಸಮಾಧಾನಕ್ಕೆಂದು ಸಿನಿಮಾಕ್ಕೆ ಕರೆದೊಯ್ಯುತ್ತಾನೆ.

ಸಿನಿಮಾ ತೋರಿಸುತ್ತಿರುವವನು ಅದೇ ಮಿಡತೆ. ತೆರೆಯ ಮೇಲೆ ಬಂದದ್ದು ಹೋಟೆಲಿನ ಚಿತ್ರ.

ಭರತಮುನಿಯು ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದೂ, ಶೃಂಗಾರದ ಅನುಕರಣೆಯೇ ಹಾಸ್ಯವೆಂದೂ ಹೇಳುತ್ತಾನೆ. ಪಂಡಿತ ತರಗತಿಯಲ್ಲಿ ಓದುವಾಗ ಈ ಮಾತಿಗೆ ಉದಾಹರಣೆ ಕೊಡಲು ನಮ್ಮ ಗುರುಗಳು ತಿಣುಕುತ್ತಿದ್ದರು. ಈ ಚಿತ್ರ ಆಗ ಕೈಗೆ ಸಿಕ್ಕಿದ್ದರೆ ಅವರ ಕೆಲಸ ಹಗುರವಾಗುತ್ತಿತ್ತು. ಇಲ್ಲಿ ಶೃಂಗಾರದ ಸಾಮಗ್ರಿಯೆಲ್ಲ ಇದೆ: ನರ್ತನ, ಸಂಕೇತಸ್ಥಾನ, ಈರ್ಷ್ಯೆ, ಪ್ರಣಯಕಲಹ. ಆಲಂಬನ ಮಾತ್ರ ಜೀರುಂಡೆ. ಆಗಿನ ಯೂರೋಪಿನ ತೆರೆಯಲ್ಲಿ ದಾಂಪತ್ಯದ್ರೋಹದ ಕಣ್ಣೀರಿನ ಕಥೆಗಳು ಧಾರಾಳವಾಗಿದ್ದವು. ನಟನಟಿಯರು ಎದೆ ಹಿಡಿದುಕೊಂಡು ಆಡುತ್ತಿದ್ದುದನ್ನು ಹುಳುಗಳು ಅಷ್ಟೇ ಗಂಭೀರವಾಗಿ ಆಡಿದಾಗ ನಗು ಬರದೆ ಮತ್ತೇನಾದೀತು?

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಜೀರುಂಡೆಗೆ ಮುಖಭಾವವೆಂಬುದು ಇಲ್ಲ. ಹುಬ್ಬಿಲ್ಲ, ತುಟಿಯಿಲ್ಲ, ಕಣ್ಣು ತಿರುಗುವುದಿಲ್ಲ. ಕೋಪಗೊಂಡಾಗಲೂ ಮುದ್ದಾಡುವಾಗಲೂ ಅದೇ ಕರಿಯ ಚಿಪ್ಪಿನ ತಲೆ. ಸ್ತಾರೆವಿಚ್ ಕೊಟ್ಟದ್ದು ತಲೆ ಬಾಗಿಸುವುದು, ಕೈ ಚಾಚುವುದು, ಮೀಸೆ ನಡುಗಿಸುವುದು ಇಷ್ಟನ್ನೇ. ಉಳಿದುದನ್ನೆಲ್ಲ ನೋಡುವವನೇ ಕೊಡಬೇಕು. ನೋಡುವವನೋ ಕೇಳುವ ಮೊದಲೇ ಕೊಟ್ಟುಬಿಡುತ್ತಾನೆ. ಬಾಗಿಲಲ್ಲಿ ನಿಂತ ಜೀರುಂಡೆಯ ಮುಖದಲ್ಲಿ ಸಂಶಯವಿತ್ತು ಎಂದು ಚಿತ್ರ ನೋಡಿದವರು ಆಣೆಯಿಟ್ಟು ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ ನೋಡಿದರೆ ಅದು ಬರಿಯ ಹುಳು, ಸಂಶಯವೆಲ್ಲ ನಮ್ಮದು.

ಇನ್ನು ಲಂಡನ್ನಿನವರ ಮುಗ್ಧತೆಯ ಪ್ರಶ್ನೆ. ಅವರಿಗೆ ಹುಳುಗಳನ್ನು ಪಳಗಿಸಬಹುದೆಂಬ ಯೋಚನೆ ಎಲ್ಲಿಂದ ಬಂದಿತು? ಹುಡುಕಿದರೆ ಕಾರಣ ಅವರ ಊರಿನಲ್ಲಿಯೇ ಸಿಕ್ಕುತ್ತದೆ. 1830ರ ದಶಕದಲ್ಲಿಯೇ ಬೆರ್ತೊಲೊತ್ತೊ ಎಂಬ ಇಟಲಿಯವನು ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ಚಿಗಟಗಳ ಸರ್ಕಸ್ಸು ನಡೆಸುತ್ತಿದ್ದ. ಕೂದಲಿಗಿಂತ ಸಣ್ಣ ಸರಂಜಾಮು ತೊಡಿಸಿದ ಚಿಗಟಗಳು ಪುಟ್ಟ ಗಾಡಿ ಎಳೆಯುವುದನ್ನು ಜನ ಹಣ ಕೊಟ್ಟು ನೋಡುತ್ತಿದ್ದರು. ಅದಕ್ಕಿಂತ ಮುಖ್ಯವಾದುದು ಪರ್ಸಿ ಸ್ಮಿತ್ ಎಂಬ ಆಂಗ್ಲನ ಕೆಲಸ. ಅವನು 1908ರಿಂದ 1910ರವರೆಗೆ ನೊಣಗಳ ಚಿತ್ರಗಳನ್ನು ತೆಗೆದ. ಅಲುಗದಂತೆ ಹಿಡಿದಿಟ್ಟ ನೊಣವೊಂದು ಕಾಲುಗಳನ್ನು ಮೇಲಕ್ಕೆತ್ತಿ, ತನಗಿಂತ ದೊಡ್ಡ ಚೆಂಡು, ಬಿರಡೆ ಮುಂತಾದವುಗಳನ್ನು ಗಿರಗಿರನೆ ತಿರುಗಿಸುತ್ತದೆ. ಆ ನೊಣ ಜೀವಂತವಾದದ್ದು. ತಾನು ನಡೆಯುತ್ತಿದ್ದೇನೆಂದುಕೊಂಡು ಕಾಲಾಡಿಸುತ್ತದೆ, ಕಾಲಿಗೆ ಸಿಕ್ಕಿದ್ದು ತಿರುಗುತ್ತದೆ. ಚಿತ್ರ ಸಾಕಷ್ಟು ಗದ್ದಲವೆಬ್ಬಿಸಿತು. ಇದನ್ನು ಹೇಗೆ ಮಾಡಿದಿರಿ, ನೊಣಕ್ಕೆ ಹಿಂಸೆಯಾಯಿತೆ ಎಂಬ ಪ್ರಶ್ನೆಗಳಿಗೆ ಸ್ಮಿತ್ ಉತ್ತರ ಕೊಡಬೇಕಾಯಿತು. ನೊಣಕ್ಕೆ ಏನೂ ಆಗಲಿಲ್ಲವೆಂದು ವಿವರಿಸಬೇಕಾಯಿತು.

ಅಂದಮೇಲೆ ನೋಡಿ: ಜೀವವಿರುವ ಹುಳು ತೆರೆಯ ಮೇಲೆ ಆಟವಾಡಿದ್ದನ್ನು ಎರಡು ಮೂರು ವರ್ಷಗಳ ಹಿಂದೆಯಷ್ಟೇ ನೋಡಿದ್ದ ಊರು ಅದು. ಅಂಥವರು ಜೀರುಂಡೆಗಳು ಕಾದಾಡುವುದನ್ನು ಕಂಡು, ಇವಕ್ಕೂ ಯಾರೋ ಕಲಿಸಿರಬೇಕು ಎಂದು ಊಹಿಸಿದರೆ ಅದು ಪೆದ್ದುತನವಲ್ಲ. ಕಂಡದ್ದರಿಂದ ಕಾಣದ್ದನ್ನು ಊಹಿಸುವುದು ಅನುಮಾನಪ್ರಮಾಣ. ಹೊಗೆಯಿಂದ ಬೆಂಕಿಯನ್ನು ಊಹಿಸುವವರನ್ನು ನಾವು ತಾರ್ಕಿಕರೆಂದು ಕರೆಯುತ್ತೇವೆ. ಇವರ ಹೊಗೆ ಸರಿಯಾಗಿಯೇ ಇತ್ತು, ಬೆಂಕಿ ಬೇರೆಯದಾಗಿತ್ತು. ಅಲ್ಲದೆ ಆ ಬರಹಗಾರ ‘ಕಲಿಸಿದ್ದರೆ’ ಎಂದನೇ ವಿನಾ ಕಲಿಸಿದ್ದಾರೆಂದು ಸಾಧಿಸಲಿಲ್ಲ. ನಂತರದವರು ಆ ‘ದ್ದರೆ’ ಎಂಬುದನ್ನು ಬಿಟ್ಟು ಕಥೆ ಹೇಳಿದರು. ವ್ಯಾಕರಣ ಹೇಳುವ ನಾನೇ ಹಾಗೆ ಹೇಳಿದ್ದೆ! ಹಳೆಯ ನೋಡುಗರ ವಿಷಯದಲ್ಲಿ ಇಂಥ ಕಥೆಗಳು ಬೇಗ ದಪ್ಪವಾಗುತ್ತವೆ. ಲುಮಿಯೇರ್ ಸೋದರರ ಚಿತ್ರದಲ್ಲಿ ರೈಲು ಬರುವುದನ್ನು ಕಂಡು 1896ರಲ್ಲಿ ಪ್ಯಾರಿಸ್ಸಿನ ಜನ ಎದ್ದು ಓಡಿದರೆಂಬುದು ಎಲ್ಲರಿಗೂ ಗೊತ್ತು. ಆದರೆ ಅಂಥ ಓಟಕ್ಕೆ ಆ ಕಾಲದ ಸಾಕ್ಷ್ಯ ಸಿಕ್ಕುವುದಿಲ್ಲವೆಂದು ಚರಿತ್ರಕಾರರು ಈಗ ಹೇಳುತ್ತಾರೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ರೀಶಂಕುಕನು ಹೇಳಿದ ಚಿತ್ರತುರಗನ್ಯಾಯವೆಂಬುದು ಇದೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡವನು ಇದು ನಿಜವಾದ ಕುದುರೆಯೆಂದು ಹಗ್ಗ ತರುವುದಿಲ್ಲ. ಇದು ಸುಳ್ಳೆಂದು ಮುಖ ತಿರುಗಿಸುವುದೂ ಇಲ್ಲ. ಕುದುರೆ ಹೌದೋ ಅಲ್ಲವೋ ಎಂಬ ಸಂಶಯದಲ್ಲಿ ತೊಳಲುವುದೂ ಇಲ್ಲ, ಕುದುರೆಯಂತಿದೆ ಎಂದು ಹೋಲಿಸುತ್ತ ಕೂಡುವುದೂ ಇಲ್ಲ. ಈ ನಾಲ್ಕಕ್ಕೂ ಸೇರದ ಒಂದು ಬಗೆಯ ಅರಿವಿನಲ್ಲಿ ‘ಕುದುರೆ’ ಎನ್ನುತ್ತಾನೆ. ನಾಟಕದ ರಾಮನನ್ನು ನಾವು ರಾಮನೆನ್ನುವುದೂ ಹಾಗೆಯೇ. ಈ ಮತವನ್ನು ಮುಂದಿನ ಆಚಾರ್ಯರು ಖಂಡಿಸಿದರು. ಅವರ ಖಂಡನೆಯನ್ನು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಆದರೆ ತಂತಿಕಾಲಿನ ಜೀರುಂಡೆ ಬಾಗಿಲು ತಟ್ಟುವುದನ್ನು ನೋಡುವಾಗ ಶಂಕುಕನ ಕಡೆಗೇ ಮನಸ್ಸು ವಾಲುತ್ತದೆ. ಅದು ಜೀವಂತವೆಂದೂ ಅಲ್ಲ, ಸತ್ತದ್ದೆಂದೂ ಅಲ್ಲ. ಆ ಹೊತ್ತಿಗೆ ಅವನು ಶ್ರೀಮಾನ್ ಜೀರುಂಡೆ.

ನೋಡುವವರ ವಿಷಯವಾಗಿ ಸ್ತಾರೆವಿಚ್ ತಾನೇ ಏನು ಯೋಚಿಸಿದ್ದನೆಂಬುದಕ್ಕೆ ಚಿತ್ರದ ಕೊನೆಯ ಭಾಗ ಸಾಕ್ಷಿ. ಅಲ್ಲಿ ಒಂದು ಚಿತ್ರಮಂದಿರವಿದೆ, ತೆರೆಯಿದೆ, ಕುಳಿತು ನೋಡುವ ಕೀಟಗಳಿವೆ. ನಮ್ಮ ಹಾಗೆಯೇ ಅವೂ ಇನ್ನೊಬ್ಬರ ಮನೆಯ ಗುಟ್ಟನ್ನು ನೋಡಲು ಬಂದಿವೆ. ಆ ಸಭೆಯಲ್ಲಿ ಇಬ್ಬರಿಗೆ ಮಾತ್ರ ಅದು ಪರರ ಗುಟ್ಟಲ್ಲ. ಶ್ರೀಮತಿ ಜೀರುಂಡೆ ಗಂಡನಿಗೆ ಹೊಡೆಯತೊಡಗುತ್ತಾಳೆ. ಗಂಡ ತೆರೆಯನ್ನೇ ಹರಿದು ಹಾರಿ, ಮಿಡತೆಯ ಯಂತ್ರದ ಕೋಣೆಗೆ ನುಗ್ಗುತ್ತಾನೆ. ಬೆಂಕಿ ಹತ್ತುತ್ತದೆ. ಈ ಬೆಂಕಿಗೆ ನಾವು ಸುಮ್ಮನೆ ನಕ್ಕುಬಿಡುತ್ತೇವೆ. 1912ರಲ್ಲಿ ನೋಡಿದವರ ನಗುವಿನ ಹಿಂದೆ ಸ್ವಲ್ಪ ನಡುಕವೂ ಇದ್ದಿರಬೇಕು. ಆಗಿನ ಫಿಲ್ಮು ಕಿಡಿ ತಗುಲಿದರೆ ಭಗ್ಗನೆ ಉರಿಯುವ ವಸ್ತು. 1897ರಲ್ಲಿ ಪ್ಯಾರಿಸ್ಸಿನ ಒಂದು ಧರ್ಮಾರ್ಥ ಸಂತೆಯಲ್ಲಿ ಚಲಚ್ಚಿತ್ರ ಯಂತ್ರದ ದೀಪಕ್ಕೆ ಹಾಕುವ ಈಥರಿನಿಂದ ಬೆಂಕಿ ಎದ್ದು 120ಕ್ಕೂ ಹೆಚ್ಚು ಜನ ಸತ್ತಿದ್ದರು. ಬ್ರಿಟನ್ನಿನಲ್ಲಿ 1909ರಲ್ಲಿ ಚಿತ್ರಮಂದಿರಗಳ ಬೆಂಕಿಯ ಭಯಕ್ಕಾಗಿಯೇ ಒಂದು ಶಾಸನ ಬಂದಿತು. ಅಂಥ ಭಯವನ್ನೂ ನಗೆಯೊಳಗೆ ಸೇರಿಸಿ, ಕೊನೆಗೆ ದಂಪತಿಗಳಿಬ್ಬರನ್ನೂ ಸೆರೆಮನೆಯ ಒಂದೇ ಕೋಣೆಯಲ್ಲಿ ಕೂಡಿಸಿ ಚಿತ್ರ ಮುಗಿಯುತ್ತದೆ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಶಾಲೆಯ ಪ್ರೊಜೆಕ್ಟರಿನಲ್ಲಿ ಈ ಚಿತ್ರವನ್ನು ಒಂಬತ್ತನೆಯ ತರಗತಿಗೆ ತೋರಿಸಿದೆ. ಹಾಸ್ಯರಸದ ಪಾಠಕ್ಕೆ ಪೂರಕವೆಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೆ. ಗಂಡಹೆಂಡಿರ ಕಥೆಯೆಂಬುದನ್ನು ಹೇಳಿರಲಿಲ್ಲ. ಎರಡು ವಿಭಾಗಗಳಿದ್ದವು. ಮೊದಲನೆಯ ವಿಭಾಗಕ್ಕೆ ಅರಗು, ತಂತಿ, 11,520 ಎಂದು ಎಲ್ಲವನ್ನೂ ಮುಂಚೆಯೇ ವಿವರಿಸಿದೆ. ಅವರು ಬಹಳ ಶ್ರದ್ಧೆಯಿಂದ ನೋಡಿದರು. ಭರತನು ಹೇಳಿದ ಆರು ಬಗೆಯ ನಗೆಗಳಲ್ಲಿ ಮೊದಲನೆಯದಾದ ಸ್ಮಿತವನ್ನು ಬಿಟ್ಟು ಮೇಲೆ ಹೋಗಲಿಲ್ಲ. ತಪ್ಪು ನನ್ನದೇ. ಎರಡನೆಯ ವಿಭಾಗಕ್ಕೆ ಏನೂ ಹೇಳದೆ ದೀಪ ಆರಿಸಿದೆ. ಚಿತ್ರಕಾರ ಹೊಗೆಗೂಡು ಹತ್ತುವ ಹೊತ್ತಿಗೆ ಪಕ್ಕದ ಕೋಣೆಯ ಉಪಾಧ್ಯಾಯರು ಬಂದು ಬಾಗಿಲಲ್ಲಿ ಇಣುಕಿದರು. ಅತಿಹಸಿತವೆಂದರೆ ಏನೆಂಬುದು ಅವರಿಗೂ ತಿಳಿಯಿತು.

ಮುಗಿದ ಮೇಲೆ ಇದನ್ನು ಹೇಗೆ ಮಾಡಿರಬಹುದೆಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ತಡಮಾಡದೆ, “ಗ್ರಾಫಿಕ್ಸ್, ಸರ್. ಕಂಪ್ಯೂಟರ್‌ನಲ್ಲಿ ಮಾಡಿರೋದು” ಎಂದ. ಎಲ್ಲರೂ ತಲೆದೂಗಿದರು. ಆ ಕ್ಷಣದಲ್ಲಿ ನನಗೆ ಲಂಡನ್ನಿನ ಬರಹಗಾರ ನೆನಪಾದ. ಅವನು ತನಗೆ ಗೊತ್ತಿದ್ದ ಚಿಗಟದ ಸರ್ಕಸ್ಸಿನಿಂದ ಊಹಿಸಿದ. ಇವನು ತನಗೆ ಗೊತ್ತಿದ್ದ ಕಂಪ್ಯೂಟರಿನಿಂದ ಊಹಿಸಿದ. ಇಬ್ಬರ ನಡುವೆ ನೂರಕ್ಕೂ ಹೆಚ್ಚು ವರ್ಷಗಳಿದ್ದವು, ಊಹೆಯ ದಾರಿ ಒಂದೇ ಆಗಿದ್ದಿತು. ಮೊದಲಿನವನನ್ನು ನೋಡಿ ನಾನು ನಕ್ಕಿದ್ದೆ.

ಚಿತ್ರ 1912ರದು, ಆಗ ಕಂಪ್ಯೂಟರ್ ಇರಲಿಲ್ಲ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೂರನೆಯ ಸಾಲಿನ ಒಬ್ಬ ಹುಡುಗಿ ಎದ್ದು, “ಹಾಗಾದರೆ ನಿಜವಾದ ಹುಳುಗಳಾ, ಸರ್?” ಎಂದು ಕೇಳಿದಳು.

“ನಿಜವಾದುವೇ, ಆದರೆ ಸತ್ತಿದ್ದವು.”

“ಇದಕ್ಕೋಸ್ಕರ ಸಾಯಿಸಿದರಾ?”

ಅವನು ಕೀಟಗಳನ್ನು ಸಂಗ್ರಹಿಸುತ್ತಿದ್ದವನು, ಒಣಗಿಸಿ ಇಟ್ಟ ಕೀಟಗಳು ಅವನ ಬಳಿ ಇರುತ್ತಿದ್ದವು ಎಂದೆಲ್ಲ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. “ಹಂಗಾದ್ರೆ ನಾವು ಇಷ್ಟೊತ್ತು ಹೆಣ ನೋಡಿ ನಕ್ಕಿದ್ದಾ, ಸರ್?” ಎಂದಳು.

ನಾನು ಹಾಸ್ಯರಸವನ್ನು ಪಾಠ ಹೇಳಲು ತೊಡಗಿ ಇಪ್ಪತ್ತೆಂಟು ವರ್ಷಗಳಾದವು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಚಿತ್ರತುರಗವನ್ನು ಹೇಳೋಣವೆಂದರೆ, ಗೋಡೆಯ ಕುದುರೆ ಎಂದೂ ಜೀವದಿಂದ ಇದ್ದದ್ದಲ್ಲ. ಈ ಜೀರುಂಡೆ ಯಾವುದೋ ಓಕ್ ಮರದ ಕೆಳಗೆ ಹರಿದಾಡಿಕೊಂಡಿದ್ದದ್ದು. ಶಂಕುಕನು ಇಲ್ಲಿ ನನ್ನ ನೆರವಿಗೆ ಬರಲಿಲ್ಲ. ಪರ್ಸಿ ಸ್ಮಿತ್ತನನ್ನು ಕೇಳಿದ ಪ್ರಶ್ನೆಯೇ ನನ್ನನ್ನು ಹುಡುಕಿಕೊಂಡು ಬಂದಿತ್ತು, ಅವನಿಗಿದ್ದಂಥ ಉತ್ತರ ಮಾತ್ರ ನನಗಿರಲಿಲ್ಲ. ಯೋಚಿಸಿ ಹೇಳುತ್ತೇನಮ್ಮ ಎಂದೆ. ಗಂಟೆ ಹೊಡೆಯಿತು.

ಮರುವಾರ ತರಗತಿಗೆ ಹೋದಾಗ ಮಕ್ಕಳು ಆ ಚಿತ್ರವನ್ನು ಇನ್ನೊಮ್ಮೆ ಹಾಕಿ ಎಂದು ಹಟ ಹಿಡಿದರು. ಕೇಳಿದವರಲ್ಲಿ ಆ ಹುಡುಗಿಯೂ ಇದ್ದಳು. ನಾನು ಈ ಸಲ ತೆರೆಯನ್ನು ನೋಡಲಿಲ್ಲ. ಗೋಡೆಗೆ ಒರಗಿ ಅವರ ಮುಖಗಳನ್ನು ನೋಡುತ್ತ ನಿಂತೆ. ನಗೆ ಮೊದಲ ದಿನದಷ್ಟು ಜೋರಾಗಿರಲಿಲ್ಲ, ಬೇರೆ ಬೇರೆ ಕಡೆ ಬರುತ್ತಿತ್ತು. ಗ್ರಾಫಿಕ್ಸ್ ಎಂದ ಹುಡುಗ ಕಾಲುಗಳನ್ನೇ ನೋಡುತ್ತ ಬೆರಳು ಮಡಿಸಿ ಎಣಿಸುತ್ತಿದ್ದ. ಹುಡುಗಿ ಮೊದಮೊದಲು ತುಟಿ ಬಿಗಿದು ಕುಳಿತಿದ್ದಳು. ಜೀರುಂಡೆಯ ಮನೆಯ ಬಾಗಿಲು ತೆರೆದು ಗಂಡ ಒಳಗೆ ಬಂದಾಗ ಪಕ್ಕದವಳ ತೋಳು ಹಿಡಿದುಕೊಂಡಳು. ಬೆಂಕಿ ಹತ್ತಿದಾಗ ನಕ್ಕುಬಿಟ್ಟಳು.

ದೀಪ ಹಾಕಿದ ಮೇಲೆ ಪುಸ್ತಕಗಳನ್ನು ಎದೆಗವಚಿಕೊಂಡು ನನ್ನ ಮೇಜಿನ ಬಳಿಗೆ ಬಂದಳು. ನಾನು ಹೋದ ವಾರದ ಪ್ರಶ್ನೆಗೆ ಸಿದ್ಧಪಡಿಸಿಕೊಂಡು ಬಂದಿದ್ದ ಉತ್ತರವನ್ನು ಹೇಳಲು ಬಾಯಿ ತೆರೆದೆ. ಅವಳು ಅದನ್ನು ಕೇಳಲು ಬಂದಿರಲಿಲ್ಲ.

“ಸರ್, ಆಮೇಲೆ ಜೈಲಲ್ಲಿ ಅವರಿಬ್ಬರೂ ಮಾತಾಡಿಕೊಳ್ತಾರಾ?” ಎಂದಳು.